ಇಲ್ಲ ಅಂದ ನೀರು

ಮಾರ್ಚ್ 4, ಸೋಮವಾರ

ಈ ಡೈರಿ ಹೊಸ ವರ್ಷಕ್ಕೆ ಸೋಲಾರ್ ಪ್ಲಾಂಟಿನವರು ಕೊಟ್ಟದ್ದು. ರಟ್ಟಿನ ಮೇಲೆ ನೀಲಿ ಪ್ಯಾನೆಲ್‌ಗಳ ಸಾಲು, ಅವುಗಳ ನೆತ್ತಿಯ ಮೇಲೆ ನಗುವ ಸೂರ್ಯ. ಎರಡು ತಿಂಗಳು ಉಪ್ಪಿನಕಾಯಿ ಭರಣಿಗೆ ಮುಚ್ಚಳವಾಗಿತ್ತು. ಇವತ್ತು ಒರೆಸಿ ತೆಗೆದೆ. ಹೇಳಿಕೊಳ್ಳುವುದು ಬೇಕಾದಷ್ಟಿದೆ, ಕೇಳುವವರಿಲ್ಲ. ನಮ್ಮವರು ಧನರಾಜ ವಾರವೆಲ್ಲ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ. ಭಾನುವಾರ ಊರಿಗೆ ಬಂದರೆ ನಿದ್ದೆಯಲ್ಲಿ. ಮನೆಯಲ್ಲಿ ಉಳಿಯುವವಳು ಅತ್ತೆ ಸುಂದರಬಾಯಿ. ಆ ಮುದುಕಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಸಂಗತಿ ಏನೆಂದರೆ, ಪ್ಲಾಂಟಿನ ಇಂಜಿನಿಯರ್ ಮಿಲಿಂದ್ ಸಾಹೇಬರು ಇವತ್ತು ನನ್ನ ಬೇಳೆಯನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡರಂತೆ. ಅಡುಗೆಯಲ್ಲಿ ಕೈಗೂಡಿಸುವ ಮಾಳಮ್ಮ ಡಬ್ಬಿ ಮುಟ್ಟಿಸಿ ಬಂದು ಹೇಳಿದಳು. ಪ್ಲಾಂಟಿನ ಆಫೀಸಿನವರಿಗೆ ಮಧ್ಯಾಹ್ನದ ಊಟ ನಮ್ಮ ಮನೆಯಿಂದಲೇ ಹೋಗುತ್ತದೆ. ರೊಟ್ಟಿ, ಬೇಳೆ, ಒಂದು ಪಲ್ಲೆ, ಶೇಂಗಾ ಹಿಂಡಿ. ಸಿರ್ಗಾಪುರದಿಂದ ನಾರಾಯಣಖೇಡದವರೆಗೆ ಹೋಟೆಲುಗಳಿಗೆ ಏನು ಬರವೇ? ಆದರೂ ನನ್ನ ಕೈಯೂಟವೇ ಬೇಕಂತೆ. ಹೊಗಳಿಕೊಂಡರೆ ಹೊಗಳಿಕೊಂಡೆ ಅನ್ನಲಿ, ಖುಷಿಯಾಯಿತು.

ಬೆಳಗ್ಗೆ ಮುದುಕಿಯೊಂದಿಗೆ ಕಿರಿಕಿರಿ. ಮದುವೆಯಾಗಿ ಬಂದಾಗಿನಿಂದ ಅವಳದೊಂದು ನೇಮ. ಸೂರ್ಯ ಹುಟ್ಟುವ ಮುಂಚೆ ಮಠದ ಬಾವಿಯ ಮೊದಲ ಕೊಡ ತಾನೇ ಸೇದಿ ತರಬೇಕು, ಆ ಅಗ್ಗಣಿಯ ನೀರಿನಿಂದಲೇ ಲಿಂಗಪೂಜೆ, ಆಮೇಲೆಯೇ ಬಾಯಿಗೆ ತುತ್ತು. ಮೊಣಕಾಲು ಕಟಕಟ ಅನ್ನುತ್ತವೆ. ನಲ್ಲಿ ಬಂದ ದಿನ ನಲ್ಲಿಯ ನೀರೇ ಹಾಕು ಎಂದರೆ ಮುಖ ತಿರುಗಿಸುತ್ತಾಳೆ. ಬಿದ್ದು ಸೊಂಟ ಮುರಿದುಕೊಂಡರೆ ಮಾಡುವವಳು ನಾನು.

ಮಾರ್ಚ್ 11, ಸೋಮವಾರ

ಮಿಲಿಂದ್ ಸಾಹೇಬರು ಮನೆಗೇ ಬಂದಿದ್ದರು! ಚಹಾ ಕುಡಿದರು. ಅವರು ಜಹೀರಾಬಾದಿನವರೇ, ನಮ್ಮ ಮಾತೇ ಆಡುತ್ತಾರೆ.

"ಅಕ್ಕೋರೆ, ನಮ್ಮ ಮನ್ಯಾಗೂ ತಾಂಡೂರ ತೊಗರಿಬ್ಯಾಳೀನೇ ತರ್ತೀವ್ರಿ. ಆದ್ರ ನಮ್ಮವ್ವನ ಕೈಯಾಗ ಹಿಂಗ ಬೆಣ್ಣಿ ಆಗಂಗಿಲ್ಲ. ಏನ್ ಹಾಕ್ತೀರಿ ಇದಕ್ಕ?"

"ಸೋಡಾ ಹಾಕ್ತೀನಿ ಅಂದ್ಕೊಂಡ್ರೇನು? ಬ್ಯಾಳಿ ಕಡಿಂದ ಏನೂ ಇಲ್ರಿ, ಎಲ್ಲಾ ನೀರಿನ ಕಡಿಂದ. ಮಠದ ಬಾವಿ ನೀರು. ಬೋರಿನ ಸವಳು ನೀರಾಗ ಕುಕ್ಕರ್ ಹಗಲೆಲ್ಲಾ ಸೀಟಿ ಹೊಡದ್ರೂ ಬ್ಯಾಳಿ ಕಾಳಾಗೇ ನಿಂತಿರ್ತದ."

ಅಲ್ಲಿಗೆ ಬಿಡಬಹುದಿತ್ತು. ನನಗೆ ತಡೆಯಲಿಲ್ಲ. ಬಾವಿಗೇ ಕರೆದುಕೊಂಡು ಹೋಗಿ, ಒಂದು ಚೊಂಬು ಸೇದಿ ಕೊಟ್ಟೆ. ಗಟಗಟ ಕುಡಿದು ಕಣ್ಣು ಮುಚ್ಚಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಈ ನೀರು ಒಣಗಿದ ಮ್ಯಾಲ ಬಿಳಿ ಕಲೆ ಬೀಳ್ತಾವೇನ್ರಿ?" ಕಲೆಯೇ! ಮನೆಗೆ ಮರಳಿದ ಮೇಲೆ ಮುದುಕಿಯ ತಾಮ್ರದ ಕೊಡ ತಂದು ತೋರಿಸಿದೆ. ಇಷ್ಟು ವರ್ಷ ಈ ನೀರು ಹೊತ್ತ ಕೊಡ, ಹುಣಸೆಹಣ್ಣು ಸೋಕಿಸದೆಯೂ ಹೊಳೆಯುತ್ತದೆ. ಸಾಹೇಬರು ಕೊಡದ ಒಳಗೆ ಬೆರಳಾಡಿಸಿ ನೋಡಿದರು. ಹೋಗುವಾಗ ಒಂದು ಬಾಟಲಿ ನೀರು ತುಂಬಿಸಿಕೊಂಡರು. ಅವ್ವನಿಗೆ ತೋರಿಸಲು ಇರಬೇಕು.

ಮುದುಕಿ ಕೊಡ ಕಿತ್ತುಕೊಂಡು ಮತ್ತೆ ತೊಳೆದಳು. ಮೈಲಿಗೆ ಆಯಿತಂತೆ.

ಮಾರ್ಚ್ 19, ಮಂಗಳವಾರ

ಓಣಿಯಲ್ಲಿ ಸುದ್ದಿಯೋ ಸುದ್ದಿ. ಪ್ಲಾಂಟಿನವರು ಮಠದ ಬಾವಿಯ ನೀರು ಒಯ್ಯುತ್ತಾರೆ! ಬೋರಿನ ನೀರಿನಿಂದ ತೊಳೆದರೆ ಪ್ಯಾನೆಲ್‌ಗಳ ಮೇಲೆ ಸುಣ್ಣದಂಥ ಕಲೆ ಕೂರುತ್ತದಂತೆ, ಬಿಸಿಲು ಒಳಗಿಳಿಯದೆ ಕರೆಂಟು ಕಡಿಮೆಯಾಗುತ್ತದಂತೆ. ಸೀನೀರು ಬೇಕಂತೆ.

ಬಾವಿಯ ಉಸ್ತುವಾರಿ ಓಣಿಯ ಹಿರಿಯರಾದ ಮನ್ಮಥಪ್ಪ ಕಾಕಾರದು. ಮಿಲಿಂದ್ ಸಾಹೇಬರು ಅವರ ಕಟ್ಟೆಯ ಮೇಲೆ ಕುಳಿತು ಕೈ ಮುಗಿದು, "ನೀರು ಬೇಕಾಗ್ಯಾದ್ರಿ" ಎಂದರು. ಆ ಬಾವಿಯಲ್ಲಿ ನೀರು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಕಾಕಾ ರುಮಾಲು ಸರಿಮಾಡಿಕೊಂಡು "ಒಯ್ರಿ" ಅಂದರು. ಮುಗಿಯಿತು.

ಮಾಳಮ್ಮನ ಗಂಡ ದಶರಥನ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿ ಸಾಗಿಸುವ ಕೆಲಸ ಸಿಕ್ಕಿತು. ಸುಮ್ಮನೆ ನಿಂತಿದ್ದ ಟ್ರ್ಯಾಕ್ಟರು. ಮಾಳಮ್ಮ ರೊಟ್ಟಿ ಬಡಿಯುತ್ತಲೇ ಹಾಡು ಶುರು ಮಾಡಿದಳು. ನನ್ನ ಒಂದು ಪಾತ್ರೆ ಬೇಳೆಯಿಂದ ಒಂದು ಮನೆಯ ಒಲೆ ಉರಿಯಿತಲ್ಲ! ಸಂಜೆ ಮುದುಕಿಗೆ ಹೇಳಿದೆ. "ಬಾವಿಗಿ ಮೋಟರ್ ಇಳಿಸ್ಯಾರೇನು?" ಎಂದಷ್ಟೇ ಕೇಳಿದಳು. ಬಾವಿ ತುಂಬಿದಾಗ ಮೊಗೆದರೆ ಸವೆಯುತ್ತದೆಯೇ? ಹಳೆಯ ಕಾಲದವರಿಗೆ ಎಲ್ಲಕ್ಕೂ ಅನುಮಾನ.

ಏಪ್ರಿಲ್ 2, ಮಂಗಳವಾರ

ಬಿಸಿಲು ತಲೆಗೇರುತ್ತಿದೆ. ಹೋದ ವರ್ಷದ ಮಳೆಯೂ ಅಷ್ಟಕ್ಕಷ್ಟೇ. ಓಣಿಯ ಹಗ್ಗಗಳಿಗೆಲ್ಲ ತುಂಡು ಗಂಟು ಹಾಕಿ ಉದ್ದ ಮಾಡಿದ್ದಾರೆ. ಇವತ್ತು ನಾನು ಹೋದಾಗ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಮುಸುಮುಸು ನಗುತ್ತ, "ಮಹಾನಂದಾನ ಬ್ಯಾಳಿ ಭಾರಿ ಬೇಯ್ತದವ್ವ, ಊರ ಬಾವೀನೇ ಕುಡೀತು" ಎಂದಳು. ಕೊಡ ಇಟ್ಟು ನಿಂತೆ.

"ನಾ ಏನು ಟ್ಯಾಂಕರ್ ಹೊಡೀತೀನೇನು? ಕಾಕಾ ಕೊಟ್ಟಾರ, ಕೇಳ್ರಿ ಅವ್ರಿಗಿ!"

ಯಾರೂ ಕೇಳುವುದಿಲ್ಲ. ಕೇಳುವ ಧೈರ್ಯ ಯಾರಿಗೂ ಇಲ್ಲ, ನನ್ನನ್ನು ಚುಚ್ಚುವುದು ಸುಲಭ. ಒಬ್ಬ ಮನುಷ್ಯನಿಗೆ ಕುಡಿಯಲು ನೀರು ಕೊಟ್ಟೆ, ಅದೂ ತಪ್ಪೇ? ಇದರಲ್ಲಿ ನನ್ನದೇನೂ ಇಲ್ಲ. ಬರೆದಿಟ್ಟಿರಲಿ: ನನ್ನದೇನೂ ಇಲ್ಲ.

ಏಪ್ರಿಲ್ 9, ಮಂಗಳವಾರ. ಯುಗಾದಿ

ಬೇವು ಬೆಲ್ಲ ತಟ್ಟೆಯಲ್ಲಿ ಒಣಗಿತು. ಮುದುಕಿ ಬಾವಿಗೆ ಹೋದವಳು ಹೊತ್ತು ಏರಿದರೂ ಬರಲಿಲ್ಲ. ಹೋಗಿ ನೋಡಿದರೆ ಬಾವಿಯ ಕಟ್ಟೆಯ ಮೇಲೆ ಕೊಡವನ್ನು ಮುಂದಿಟ್ಟುಕೊಂಡು ಕುಳಿತಿದ್ದಾಳೆ. ಅರ್ಧ ಕೊಡ, ಅದೂ ರಾಡಿ. ನಿನ್ನೆ ಮೋಟಾರು ತಳದವರೆಗೆ ಎಳೆದಿದೆ. ರಾಡಿ ಕೆಳಗೆ ಕೂರಲಿ ಎಂದು ಕಾಯುತ್ತಿದ್ದಾಳೆ.

"ಮನಿಗಿ ನಡೀರಿ ಅತ್ತಿ, ಅಲ್ಲೇ ತಿಳಿಯಾಗ್ತದ."

"ಹೊತ್ಕೊಂಡು ನಡದ್ರ ಕಲಕ್ತದವ್ವ. ನೀ ಹೋಗು, ಬ್ಯಾಳಿ ಹೊತ್ತೀತು."

ಅವಳು ಉಂಡದ್ದು ಮಧ್ಯಾಹ್ನ ಇಳಿದ ಮೇಲೆ. ಹಬ್ಬದ ದಿನ ಮುದುಕಿ ಉಪವಾಸ ಇರುವಾಗ ನಾನು ಹೋಳಿಗೆ ಹೇಗೆ ತಿನ್ನಲಿ? ತಿನ್ನಲಿಲ್ಲ. ನಮ್ಮವರಿಗೆ ಫೋನು ಮಾಡಿ ಹೇಳಿದರೆ, "ಅವ್ವಗ ಕ್ಯಾನಿನ ನೀರ್ ತರ್ಸಿ ಕೊಡು" ಅಂದರು. ಹೇಳಿದಷ್ಟು ಸುಲಭವೇ? ನೇಮವೆಂದರೆ ನೇಮ ಅನ್ನುತ್ತಾರೆ ಅವರ ತಾಯಿ.

ಏಪ್ರಿಲ್ 22, ಸೋಮವಾರ

ಇವತ್ತು ಡಬ್ಬಿಯ ಜೊತೆ ನಾನೇ ಪ್ಲಾಂಟಿಗೆ ಹೋದೆ. ಅಬ್ಬಾ, ಕಣ್ಣು ಹಾಯುವವರೆಗೂ ನೀಲಿ ಗಾಜು. ಮೊದಲು ಅಲ್ಲಿ ಜೋಳ, ಕಡಲೆ ಬೆಳೆಯುತ್ತಿದ್ದರು. ಕಂಬಿಗಳ ನಡುವೆ ಗಂಡಸರು ಪೈಪು ಹಿಡಿದು ತೊಳೆಯುತ್ತಿದ್ದರು. ನೀರು ಗಾಜಿನ ಮೇಲಿಂದ ಜಾರಿ ಕೆಳಗೆ ಸುರಿದು, ಕರಿ ನೆಲದ ಬಿರುಕಿನಲ್ಲಿ ಇಂಗಿ ಹೋಗುತ್ತಿತ್ತು. ಆ ನೀರಿನ ಗುರುತು ನನಗೆ ಸಿಕ್ಕಿತು. ಮುಖ ತಿರುಗಿಸಿದೆ.

ಮಿಲಿಂದ್ ಸಾಹೇಬರು ಕುರ್ಚಿ ಕೊಟ್ಟರು. ಕೆಟ್ಟವರಲ್ಲ. ಅದೇ ಕಷ್ಟ.

"ಸಾಹೇಬ್ರ, ಟ್ಯಾಂಕರ್ ನಿಲ್ಲಸ್ರಿ. ಬಾವಿ ತಳ ಕಂಡಾದ. ನಮ್ಮತ್ತಿ ಪೂಜಿಗಿ ಒಂದ್ ಕೊಡ ಸಿಗವಲ್ದು."

"ನಾ ಏನ್ ಮಾಡ್ಲಿ ಅಕ್ಕೋರೆ? ಧೂಳು ಕೂತ್ರ ಕರೆಂಟ್ ಇಳೀತದ, ಮ್ಯಾಲಿನವ್ರು ನನ್ನ ಕುತ್ತಿಗಿ ಹಿಡೀತಾರ. ಊರವ್ರು ಇಲ್ಲ ಅಂದಾರ ಅಂತ ನಾ ಬರದ್ರ, ಅವ್ರು ಬ್ಯಾರೆ ಕಡಿ ನೋಡ್ತಾರ. ಆದ್ರ ನಿಮ್ಮ ಊರಾಗ ಯಾರೂ ಇಲ್ಲ ಅಂದಿಲ್ಲಲ್ರಿ. ಒಬ್ರರ ಅನ್ರಿ, ಬರೀತೀನಿ."

ಬಂದ ದಾರಿಯಲ್ಲೇ ಮನ್ಮಥಪ್ಪ ಕಾಕಾರ ಕಟ್ಟೆಗೆ ಹೋದೆ. ಎಲ್ಲ ಹೇಳಿದೆ. ಅವರು ಬಹಳ ಹೊತ್ತು ವಿಭೂತಿಯ ಹಣೆ ಉಜ್ಜಿಕೊಂಡರು. "ನಮ್ಮಪ್ಪ ಅಂದಿಲ್ಲ, ನಮ್ಮಜ್ಜ ಅಂದಿಲ್ಲ. ಆ ಬಾವಿ ಮ್ಯಾಲ ನಿಂತು ಇಲ್ಲ ಅನ್ನೋ ಮಾತು ನನ್ ಬಾಯಿಂದ ಅನಸ್ಬ್ಯಾಡವ್ವ. ಒಣಗ್ಲಿ ಬೇಕಾರ."

ಒಣಗಲಿ ಅಂತೆ! ಇವರ ಬಾಯಿ ಪವಿತ್ರವಾಗಿರಲು ಓಣಿಯ ಬಾಯಿ ಒಣಗಬೇಕು. ಮನೆಗೆ ಬಂದು ಮಾಳಮ್ಮನ ಮುಂದೆ ಕೂಗಾಡಿದೆ. ಅವಳು ಹಿಟ್ಟು ನಾದುತ್ತ ತಲೆ ಎತ್ತದೆ ಹೇಳಿದಳು: "ಇಲ್ಲ ಅಂದಿಲ್ಲ ಖರೇರಿ ವೈನಿ. ನಮ್ಮತ್ತಿ ಕಾಲಕ್ಕ ನಾವು ಕಟ್ಟಿ ಕೆಳಗ ಕೈ ಒಡ್ಡಿ ನಿಂದ್ರಬೇಕಿತ್ತು, ನಿಮ್ಮವ್ರು ಮ್ಯಾಲಿಂದ ಹೊಯ್ತಿದ್ರು. ಇಲ್ಲ ಅಂದಿಲ್ಲ, ಹಗ್ಗಾನೂ ಕೊಟ್ಟಿಲ್ಲ."

ನಾನು ಒಲೆಯ ಕಡೆ ತಿರುಗಿದೆ. ಪಲ್ಲೆಗೆ ಒಗ್ಗರಣೆ ಹಾಕಿದೆ.

ಏಪ್ರಿಲ್ 28, ಭಾನುವಾರ

ಅತ್ತೆ ಇವತ್ತು ಉಣ್ಣಲೇ ಇಲ್ಲ. ಕೊಡದಲ್ಲಿ ನೀರು ಬರಲಿಲ್ಲ, ಕೆಸರು ಬಂತು. ನಮ್ಮವರು ಕ್ಯಾನು ತಂದಿದ್ದರು, ಮುಟ್ಟಲಿಲ್ಲ.

ಏಪ್ರಿಲ್ 29, ಸೋಮವಾರ

ಬೆಳಗ್ಗೆ ಎದ್ದು ನಾನೇ ಅತ್ತೆಯ ಜೊತೆ ಹೋದೆ. ಒರತೆಯಿಂದ ಒಂದಿಷ್ಟು ಬಂದಿತ್ತು. ಹಗ್ಗ ನಾನು ಹಿಡಿದೆ, ಕೊಡಕ್ಕೆ ಸೆರಗು ಕಟ್ಟಿ ಸೋಸಿದರು. ಉಂಡರು. ಅವರು ಉಣ್ಣುವುದನ್ನು ಎದುರಿಗೆ ಕುಳಿತು ನೋಡಿದೆ. ಎಷ್ಟು ತೆಳ್ಳಗಾಗಿದ್ದಾರೆ, ಬಳೆ ಮೊಣಕೈವರೆಗೆ ಜಾರುತ್ತವೆ.

ಮೇ 6, ಸೋಮವಾರ

ವಾರದಿಂದ ಅಡುಗೆಗೆ ಬೋರಿನ ನೀರೇ. ಬಾವಿಯ ಒಂದೂವರೆ ಕೊಡ ಸಿಕ್ಕರೆ ಅದು ಪೂಜೆಗೆ ಮತ್ತು ಓಣಿಯ ಬಾಣಂತಿಗೆ. ಬೇಳೆ ಬೇಯುವುದಿಲ್ಲ. ನೀರು ಬೇರೆ, ಕಾಳು ಬೇರೆ, ಇಬ್ಬರಿಗೂ ಮಾತಿಲ್ಲ. ಸೋಡಾ ಹಾಕಬಹುದಿತ್ತು. ಹಾಕಲಿಲ್ಲ. ಹಾಗೆಯೇ ಡಬ್ಬಿಗೆ ತುಂಬಿಸಿದೆ.

ಮಿಲಿಂದ್ ಸಾಹೇಬರು ಬೈಕಿನ ಮೇಲೆ ಬಂದರು. "ಅಕ್ಕೋರೆ, ಬ್ಯಾಳಿಗಿ ಏನಾಗ್ಯಾದ್ರಿ? ಹುಡುಗ್ರು ಉಣ್ಣವಲ್ರು."

"ಅದನ್ನ ಬೇಯಿಸೋ ನೀರು ನಿಮ್ಮ ಗಾಜಿನ ಮ್ಯಾಲ ಅದ ಸಾಹೇಬ್ರ. ಅಲ್ಲೇ ಕುದಿಸ್ಕೋರಿ, ಬಿಸಿಲೂ ಛಲೋ ಅದ."

ಇಷ್ಟು ದಿನ ಆ ಮನುಷ್ಯ ಎರಡು ಸಲ ಹಾಕಿಸಿಕೊಂಡರೆ ಹಿಗ್ಗುತ್ತಿದ್ದವಳು ನಾನೇ. ಸಾಹೇಬರು ತಲೆ ತಗ್ಗಿಸಿ, "ಒಬ್ರರ ಇಲ್ಲ ಅನ್ರಿ ಅಂದಿದ್ನಲ್ರಿ" ಎಂದು ಹೊರಟರು.

ಮನೆಯೊಳಗೆ ಕೂರಲಾಗುವುದಿಲ್ಲ. ಹೊರಗೆ ಹೋದರೆ ಬಾವಿಯ ಕಡೆಗೇ ಕಾಲು. ಇಡೀ ದಿನ ಹೋಗುವುದು, ಬಗ್ಗಿ ನೋಡುವುದು, ಬರುವುದು. ಬಗ್ಗಿ ನೋಡಿದರೆ ನೀರು ಏರುತ್ತದೆಯೇ?

ಮೇ 10, ಶುಕ್ರವಾರ. ಬಸವ ಜಯಂತಿ

ಅಂದುಬಿಟ್ಟೆ.

ನಸುಕಿನಲ್ಲಿ ಅತ್ತೆ ಎರಡು ಸಲ ಹಗ್ಗ ಬಿಟ್ಟರು, ಎರಡೂ ಸಲ ಕೊಡ ಕಲ್ಲಿಗೆ ಬಡಿಯಿತು. ಹಬ್ಬದ ದಿನ. ಅವರು ಖಾಲಿ ಕೊಡ ಸೊಂಟಕ್ಕೇರಿಸಿ ಮನೆಗೆ ಹೋದರು. ನಾನು ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಬೀಳುವ ಹೊತ್ತಿಗೆ ಕಣ್ಣೆದುರೇ ತಳದಲ್ಲಿ ಒಂದಿಷ್ಟು ತಿಳಿನೀರು ಊರಿತು. ಅಷ್ಟರಲ್ಲಿ ದಶರಥನ ಟ್ರ್ಯಾಕ್ಟರು ಬಂತು. ಪೈಪು ಹೆಗಲ ಮೇಲೆ ಹಾಕಿಕೊಂಡು ಇಳಿದ. ನಾನು ಬಾವಿಯ ಬಾಯಿಗೆ ಅಡ್ಡ ನಿಂತೆ.

"ಇಲ್ಲ" ಎಂದೆ.

ಅವನಿಗೆ ಅರ್ಥವೇ ಆಗಲಿಲ್ಲ. "ಏನ್ರಿ ವೈನಿ?"

"ನೀರು ಇಲ್ಲ. ಟ್ಯಾಂಕರಿಗಿ ಇಲ್ಲ. ನಿನ್ನ ಸಾಹೇಬಗ ಹೋಗಿ ಹೇಳು, ಊರಾಗ ಒಬ್ಬಾಕಿ ಇಲ್ಲ ಅಂದಾಳ ಅಂತ. ಹೆಸರು ಕೇಳಿದ್ರ ಮಹಾನಂದಾ ಅಂತ ಹೇಳು."

"ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ವೈನಿ. ಈ ಕೆಲ್ಸ ಹೋದ್ರ ಮತ್ತ ಮನ್ಯಾಗ ಕೂಡ್ಬೇಕು."

ನಾನು ಸರಿಯಲಿಲ್ಲ. ಓಣಿಯ ಜನ ಬಂದು ನಿಂತರು. ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮನ್ಮಥಪ್ಪ ಕಾಕಾ ದೂರದಲ್ಲಿ ಕಾಣಿಸಿಕೊಂಡು, ಹಾಗೆಯೇ ತಿರುಗಿ ಹೋದರು. ದಶರಥ ಪೈಪು ಸುತ್ತಿ ಟ್ಯಾಂಕರಿನ ಮೇಲೆ ಒಗೆದ. ಬೆವರು ಧಾರಾಕಾರ. ಹೊರಡುವ ಮುಂಚೆ ಟವೆಲಿನಿಂದ ಮುಖ ಒರೆಸಿಕೊಂಡು, "ಆತು ಬಿಡ್ರಿ. ಕುಡ್ಯಾಕರ ಒಂದ್ ಚೊಂಬು ಕೊಡ್ರಿ, ಬಾಯಿ ಆರ್ಯಾದ" ಎಂದ.

"ಇಲ್ಲ ಅಂದ್ರ ಇಲ್ಲ."

ಹಾಗೆ ಅಂದದ್ದು ನಾನೇ. ಒಂದು ಚೊಂಬು ಕೊಟ್ಟಿದ್ದರೆ ನನ್ನ ಗಟ್ಟಿತನ ಅಲ್ಲೇ ಸಡಿಲಾಗುತ್ತಿತ್ತು. ಅವನು ಒಂದು ಗಳಿಗೆ ನನ್ನನ್ನೇ ನೋಡಿ ಟ್ರ್ಯಾಕ್ಟರು ಏರಿದ. ಹೋದ.

ಟ್ಯಾಂಕರು ಹೋಯಿತು. ಬಾವಿ ಉಳಿಯಿತು. ಇವತ್ತು ನಿಶ್ಚಿಂತೆಯಾಗಿ ಇರಬೇಕಿತ್ತು.

ಮೇ 11, ಶನಿವಾರ

ಒಂದೇ ದಿನದಲ್ಲಿ ಒರತೆ ಮೊಣಕಾಲುದ್ದ ನಿಂತಿದೆ! ಕನ್ನಡಿಯಷ್ಟು ತಿಳಿ. ಅತ್ತೆಯನ್ನು ಎಬ್ಬಿಸಲು ಓಡಿ ಬಂದರೆ, ಅವರು ಆಗಲೇ ಅಂಗಳದ ಬೋರಿನ ನೀರು ಹಿಡಿದುಕೊಂಡು ಪೂಜೆಗೆ ಕುಳಿತಿದ್ದಾರೆ.

"ಯಾಕತ್ತಿ? ಬಾವ್ಯಾಗ ನೀರು ಬಂದಾದ."

"ದಶರಥ ಕುಡ್ಯಾಕ ಕೇಳಿದ್ರ ಇಲ್ಲ ಅಂದ್ಯಂತ."

"ನಿಮ್ಮ ಸಲುವಾಗಿ ಅಂದೀನಿ! ನಿನ್ನಿ ನೀವು ಉಪವಾಸ ಇದ್ರಿ. ನಾ ಅಡ್ಡ ನಿಂದರ್ದಿದ್ರ ನಿಮ್ಮ ಲಿಂಗಕ್ಕ ಹನಿ ಉಳೀತಿರ್ಲಿಲ್ಲ."

"ಟ್ಯಾಂಕರಿಗಿ ಇಲ್ಲ ಅಂದದ್ದು ಛಲೋ ಮಾಡ್ದಿ. ಅದು ನಾವು ಹಿರಿಯರು ಅನ್ಬೇಕಿತ್ತು, ಅನ್ಲಿಲ್ಲ. ಆದ್ರ ನೀರಡಿಸಿ ಕೇಳ್ದವನಿಗಿ ಇಲ್ಲ ಅಂದ ನೀರು ಲಿಂಗದ ಮ್ಯಾಲ ಹ್ಯಾಂಗ ಹಾಕ್ಲಿ ಹೇಳು?"

"ಹಂಗಾದ್ರ ನಿಮ್ಮ ನೇಮ?"

"ಮುರೀತು. ಏನ್ ಮಾಡಾಕ ಬರ್ತದ? ಬಾವಿಗಿ ಬಂದು ಯಾರರ ಕೇಳ್ಲಿ, ನಿನ್ನ ಕೈಯಿಂದ ಕೊಡು. ಅವತ್ತ ಮತ್ತ ಕೊಡ ತಗೊಂಡ್ ಹೋಗ್ತೀನಿ."

ಬೋರಿನ ನೀರನ್ನು ಲಿಂಗದ ಮೇಲೆ ಹಾಕುವಾಗ ಅವರ ಕೈ ತಡೆಯಿತು, ನಾನು ನೋಡಿದೆ. ಅತ್ತುಬಿಟ್ಟೆ. ಕೋಪಕ್ಕೆ ಅತ್ತದ್ದು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವರೇ ಒಲ್ಲೆ ಅಂದರೆ?

ಮಾಳಮ್ಮ ಕೆಲಸಕ್ಕೆ ಬರಲಿಲ್ಲ. ಪ್ಲಾಂಟಿನಿಂದ ಫೋನು ಬಂತು, ನಾಳೆಯಿಂದ ಡಬ್ಬಿ ಬೇಡವಂತೆ, ನಾರಾಯಣಖೇಡದಿಂದ ತರಿಸುತ್ತಾರಂತೆ. ಸರಿ.

ಮೇ 19, ಭಾನುವಾರ

ಓಣಿಯ ಹೆಂಗಸರು ಈಗ ನನ್ನನ್ನು ಕಂಡರೆ ಜಾಗ ಬಿಡುತ್ತಾರೆ. "ಗಟ್ಟಿಗಿತ್ತಿ" ಅನ್ನುತ್ತಾರೆ. ಬ್ಯಾಳಿ ಬಾವಿ ಕುಡೀತು ಎಂದವಳೇ ನಿನ್ನೆ ಮಜ್ಜಿಗೆ ತಂದುಕೊಟ್ಟಳು. ಮಿಲಿಂದ್ ಸಾಹೇಬರು ಬರೆದರಂತೆ, ಈಗ ರಾಯಿಕೋಡ್ ಕಡೆಯಿಂದ ಲಾರಿ ಟ್ಯಾಂಕರುಗಳು ಬರುತ್ತಿವೆ. ಅಲ್ಲಿ ಯಾವುದೋ ಊರಿನ ಬಾವಿ ಸಿಕ್ಕಿರಬೇಕು. ಅಲ್ಲಿಯೂ ಯಾವಳಾದರೂ ಬೇಳೆ ಬೇಯಿಸಿ ಹಿಗ್ಗುತ್ತಿದ್ದಾಳೋ ಏನೋ. ಅದು ಮನಸ್ಸಿಗೆ ಬಂದಾಗಲೆಲ್ಲ ಎದ್ದು ಓಡಾಡುತ್ತೇನೆ.

ದಶರಥನ ಟ್ರ್ಯಾಕ್ಟರು ಮತ್ತೆ ಬೇವಿನ ಗಿಡದ ಕೆಳಗೆ ನಿಂತಿದೆ.

ಅವನು ದಾರಿಯಲ್ಲಿ ಸಿಕ್ಕಿದ. ನನ್ನ ಕೈಯಲ್ಲಿ ನೀರಿನ ಕೊಡವೇ ಇತ್ತು. "ದಶರಥ, ನೀರು ಕುಡೀತಿಯೇನು?" ಎಂದೆ. ಕಿಸೆಯಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು ತೋರಿಸಿದ. "ನಮ್ಮ ಬಲ್ಲಿ ಅದ್ರಿ ವೈನಿ." ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 3, ಸೋಮವಾರ

ಪ್ಲಾಂಟಿನ ಅಡುಗೆ ಇಲ್ಲದ ಮೇಲೆ ಹಗಲು ಉದ್ದವಾಗಿದೆ. ಚೊಂಬು ತಗೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂರುತ್ತೇನೆ, ಯಾರಾದರೂ ಕೇಳಲಿ ಎಂದು. ಓಣಿಯವರು ತಮ್ಮ ಪಾಡಿಗೆ ಸೇದಿಕೊಂಡು ಹೋಗುತ್ತಾರೆ, ಅವರು ಕೇಳುವ ಪ್ರಶ್ನೆಯೇ ಇಲ್ಲ. ಹೊರಗಿನವರು ಬರಬೇಕು. ಬೈಕಿನವರ ಹತ್ತಿರ ಬಾಟಲಿ, ಆಟೋದವರ ಹತ್ತಿರ ಬಾಟಲಿ. ಒಬ್ಬ ಪಾತ್ರೆ ಮಾರುವವನನ್ನು ನಾನೇ ಕೂಗಿ ಕರೆದೆ, "ನೀರು ಬೇಕೇನಪ್ಪಾ?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಬಾವ್ಯಾಗ ಕೊಡಂಗಿಲ್ಲಂತಲ್ರಿ" ಎಂದ.

ಎಲ್ಲಿಯವರೆಗೆ ಹೋಗಿದೆ ಮಾತು! ನಾನು ಒಂದೇ ಸಲ ಅಂದದ್ದು.

ಅತ್ತೆ ಬೋರಿನ ನೀರಿನಲ್ಲೇ ಪೂಜೆ ಮುಗಿಸುತ್ತಾರೆ. ಉಣ್ಣುತ್ತಾರೆ, ಆದರೆ ಗುಬ್ಬಿ ಉಂಡಷ್ಟು. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ ಅವರಿಗೆ. ಎದ್ದು ಕೂರುತ್ತಾರೆ. ಹೋಗುವ ಜಾಗವಿಲ್ಲ. ಮತ್ತೆ ಮಲಗುತ್ತಾರೆ. ಪಕ್ಕದ ಕೋಣೆಯಲ್ಲಿ ನನಗೂ ಎಚ್ಚರವಾಗಿರುತ್ತದೆ.

ಜೂನ್ 9, ಭಾನುವಾರ

ಮಿರಗದ ಮಳೆ ಬಂತು, ಮುಂಗಾರು ಶುರುವಾಯಿತು! ನಿನ್ನೆ ಸಂಜೆ ಗುಡುಗಿ ಹೊಡೆಯಿತು, ಇವತ್ತೂ ಹೊಡೆಯಿತು. ಬಾವಿಯ ಮೆಟ್ಟಿಲು ಮುಳುಗುತ್ತಿವೆ. ಓಣಿಯೆಲ್ಲ ಕುಣಿಯಿತು. ನಾನು ನೆನೆದುಕೊಂಡೇ ಮಾಳಮ್ಮನ ಮನೆಗೆ ಹೋದೆ. ಅವಳು ಸೋರುವ ಜಾಗಕ್ಕೆ ಬೋಗುಣಿ ಇಡುತ್ತಿದ್ದಳು. ಕೂರು ಅನ್ನಲಿಲ್ಲ.

"ಮಾಳಮ್ಮ, ಬಾವಿ ತುಂಬ್ಯಾದ. ಬಂದು ನೀರು ಕೇಳು. ಅತ್ತಿಗಿ ಅದೊಂದು ಸಮಾಧಾನ ಆಗ್ತದ."

ಬೋಗುಣಿ ಇಟ್ಟು ತಿರುಗಿದಳು. "ನಿಮ್ಮತ್ತಿಗಿ ಸಮಾಧಾನ ಆಗ್ಲಿ ಅಂತ ನಾ ಕೇಳ್ಬೇಕೇನ್ರಿ? ನನ್ನ ಗಂಡ ಕೇಳಿದ್ನಲ್ಲ. ಬಾಯಿ ಆರಿ ಕೇಳಿದ್ದ. ನಾ ಕೇಳಂಗಿಲ್ಲ ವೈನಿ. ಮಳಿ ನೀರು ಹಿಡ್ಕೊಂಡು ಕುಡೀತೀನಿ."

ಅವಳು ಹೇಳಿದ್ದು ಸರಿ. ದಾರಿಯಲ್ಲಿ ಮಳೆ ಇದ್ದದ್ದು ಒಳ್ಳೆಯದಾಯಿತು, ಮುಖ ಯಾರಿಗೂ ಕಾಣಲಿಲ್ಲ. ಆ ಚೊಂಬನ್ನು ನಾನು ಅವತ್ತೇ ಕೊಡಬೇಕಿತ್ತು. ಟ್ಯಾಂಕರಿಗೆ ಇಲ್ಲ ಅಂದು, ಮನುಷ್ಯನಿಗೆ ಕೊಡಬೇಕಿತ್ತು. ಎರಡೂ ಒಂದೇ ಬಾಯಿಗೆ ಆಗುತ್ತಿರಲಿಲ್ಲವೇ?

ಜೂನ್ 16, ಭಾನುವಾರ

ಬೆಳಗ್ಗೆ ಎಂದಿನಂತೆ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಮಳೆ ಹೊಳವಾಗಿ ಎಳೆ ಬಿಸಿಲು ಬಿದ್ದಿತ್ತು. ಅವ್ವ, ಅಂದರೆ ನಮ್ಮತ್ತೆ, ಓಣಿಯ ತಿರುವಿನಲ್ಲಿ ಕಾಣಿಸಿದಳು. ಕೈಯಲ್ಲಿ ಕೊಡ ಇರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬರದೆ, ಸುತ್ತಿಕೊಂಡು ಕಟ್ಟೆಯ ಕೆಳಗೆ ಹೋಗಿ ನಿಂತಳು, ಹಿಂದೆ ಮಾಳಮ್ಮನ ಅತ್ತೆ ನಿಲ್ಲುತ್ತಿದ್ದ ಕಡೆ. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಯವ್ವಾ, ಒಂದ್ ಚೊಂಬು ನೀರು ಕೊಡ್ತೀಯೇನು?"

ಅವ್ವನಿಗೆ ತಲೆ ಕೆಟ್ಟಿತೋ ಎಂದು ಗಾಬರಿಯಾಯಿತು. "ಅಲ್ಲಿ ಯಾಕ ನಿಂತೀದಿ ಅವ್ವಾ? ಮ್ಯಾಲ ಬಾ."

"ಕೇಳಾಕತ್ತೀನಿ. ಕೊಡ್ತಿಯೋ, ಇಲ್ಲೋ?"

ಚೊಂಬು ತುಂಬಿ, ಕೆಳಗೆ ಇಳಿದು ಹೋಗಿ, ಎರಡೂ ಕೈಯಿಂದ ಕೊಟ್ಟೆ. ಅವ್ವ ಕುಡಿಯಲಿಲ್ಲ. ಚೊಂಬಿನ ಮೇಲೆ ಅಂಗೈ ಮುಚ್ಚಿ ಹೊರಟೇಬಿಟ್ಟಳು, ಮನೆಯ ಕಡೆಗಲ್ಲ. ಕೆಸರಿನಲ್ಲಿ ಒಂದೊಂದೇ ಹೆಜ್ಜೆ. ನಾನು ಹಿಂದೆ ಹಿಂದೆ. ಊರ ಹೊರಗೆ, ಮಾಳಮ್ಮನ ಮನೆಯ ಮುಂದಿನ ಬೇವಿನ ಗಿಡದ ಹತ್ತಿರ ದಶರಥ ಟ್ರ್ಯಾಕ್ಟರಿನ ಗಾಲಿ ಬಿಚ್ಚಿಕೊಂಡು ಕುಳಿತಿದ್ದ. ಅವ್ವ ಅವನೆದುರು ಚೊಂಬು ಹಿಡಿದಳು.

"ತಮ್ಮಾ, ಮಠದ ಬಾವಿ ನೀರು. ನಾ ಕೇಳಿದ್ನಿ, ನಮ್ಮ ಸೊಸಿ ಕೊಟ್ಟಾಳ. ಕುಡಿ."

ದಶರಥ ನನ್ನ ಕಡೆ ನೋಡಿದ. ಮಾಳಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನಾನು ಅವ್ವನ ಪಕ್ಕಕ್ಕೆ ಬಂದು ಹೇಳಿದೆ.

"ಕುಡಿ ದಶರಥ. ಅವತ್ತ ನಾ ಕೊಡ್ಬೇಕಿತ್ತು. ತಪ್ಪಾಗ್ಯಾದ."

ಅವನು ಎದ್ದು, ಗ್ರೀಸಿನ ಕೈ ಲುಂಗಿಗೆ ಒರೆಸಿಕೊಂಡು ಚೊಂಬು ತಗೊಂಡ. ತುಟಿಗೆ ಹಚ್ಚಿ ಕುಡಿದ, ತಲೆ ಎತ್ತಿ, ಕೊನೆಯ ಹನಿಯವರೆಗೆ. ಚೊಂಬನ್ನು ಅವ್ವನ ಕೈಗೆ ಮರಳಿ ಕೊಟ್ಟ. ಮಾಳಮ್ಮ ಬಾಗಿಲಿನಿಂದಲೇ ಹೇಳಿದಳು: "ನಾಳಿಗಿ ನಾ ಬಾವಿಗಿ ಬರ್ತೀನ್ರಿ ವೈನಿ. ಹಗ್ಗ ತಗೊಂಡು ಬರ್ತೀನಿ. ಯಾರಿಗೂ ಕೇಳಂಗಿಲ್ಲ."

"ಬಾ" ಎಂದೆ.

ಅವ್ವ ನನ್ನ ಹೆಗಲು ಹಿಡಿದುಕೊಂಡಳು. "ನಡಿ, ಪೂಜಿ ಆಗಿಲ್ಲ. ಹೊಟ್ಟಿ ಹಸದಾದ."

ಮನೆಯಿಂದ ಕೊಡ ತಂದು ಇಬ್ಬರೂ ಬಾವಿಗೆ ಹೋದೆವು. ಪೂಜೆ ಮುಗಿಸಿ ಅವ್ವ ರೊಟ್ಟಿ ಮುರಿದಳು, ಎರಡನೆಯದನ್ನೂ ಕೇಳಿದಳು.